ಹೊಳೆಗೆ ಬಿಟ್ಟ ತೊಲೆಗಳು

ಯಾರಾದರೂ ನನ್ನೆದುರು "ಮೊದಲೇ ಸರಿಯಾಗಿ ಯೋಜನೆ ಹಾಕಿಕೊಂಡರೆ ಎಲ್ಲ ಸುಸೂತ್ರ" ಎಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಹೇಳುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಅವರಲ್ಲಿ ಒಬ್ಬರೂ ಚಿಂಚೋಳಿಯ ಕಾಡಿನಿಂದ ಸಾಗವಾನಿ ತೊಲೆಗಳನ್ನು ಚಿತ್ತಾಪುರಕ್ಕೆ ತರುವ ಕೆಲಸ ಮಾಡಿದವರಲ್ಲ. ನಾನು ಮಾಡಿದ್ದೇನೆ. ಅದಕ್ಕೇ ನನಗೆ ಅವರಷ್ಟು ತಾಳ್ಮೆಯಿಲ್ಲ.

ಇದು ನಮ್ಮ ನಾಡನ್ನು ಇನ್ನೂ ಮೈಸೂರು ರಾಜ್ಯ ಎನ್ನುತ್ತಿದ್ದ ಕಾಲದ ಮಾತು. ನಮ್ಮ ಮನೆ ಚಿತ್ತಾಪುರದಲ್ಲಿ. ನಾನು ದಿನಾ ರೈಲು ಹತ್ತಿ ಸೇಡಂಗೆ ಹೋಗಿ, ಅಲ್ಲಿಯ ಒಬ್ಬ ಕಟ್ಟಿಗೆ ಗುತ್ತಿಗೆದಾರರ ಬಳಿ ಮುನ್ಶಿಯಾಗಿ ದುಡಿಯುತ್ತಿದ್ದೆ. ಮುನ್ಶಿ ಎಂದರೆ ಲೆಕ್ಕ ಬರೆಯುವವನು ಎಂದುಕೊಳ್ಳಬೇಡಿ, ಅದಕ್ಕೆ ಬೇರೆಯವನಿದ್ದ. ನನ್ನ ಕೆಲಸ ಕಟ್ಟಿಗೆಯನ್ನು ನಡೆಸುವುದು. ಕಾಡಿನಲ್ಲಿ ಕಡಿದ ಮರ ಮೊದಲು ಚಿಮ್ಮನಚೋಡದ ಹತ್ತಿರ ಹೊಳೆಯ ದಂಡೆಯ ಮೇಲಿದ್ದ ನಮ್ಮ ರಾಶಿಗೆ ಬರುತ್ತಿತ್ತು. ಅಲ್ಲಿಂದ ಎತ್ತಿನ ಬಂಡಿಗಳಲ್ಲಿ ಸೇಡಂ ಸ್ಟೇಷನ್ನಿಗೆ, ಸ್ಟೇಷನ್ನಿನಿಂದ ರೈಲಿನ ಡಬ್ಬಿಯಲ್ಲಿ ಚಿತ್ತಾಪುರ, ವಾಡಿ, ಶಹಾಬಾದ್ ಎಲ್ಲಿಗೆ ಬೇಕೋ ಅಲ್ಲಿಗೆ. ಬಂಡಿ, ಡಬ್ಬಿ, ಅರಣ್ಯ ಇಲಾಖೆಯ ಪರವಾನಗಿ ಈ ಮೂರೂ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಕೂಡುವಂತೆ ಮಾಡಬೇಕು. ಮೂರು ಕಪ್ಪೆಗಳನ್ನು ತಕ್ಕಡಿಯಲ್ಲಿಟ್ಟು ತೂಗುವ ಕೆಲಸ ಅದು.

ನಾನು ಅದರಲ್ಲಿ ಗಟ್ಟಿಗನೂ ಆಗಿದ್ದೆ, ಸುಳ್ಳು ನಮ್ರತೆ ಯಾಕೆ. ಮೊದಲೆಲ್ಲ ಬಂಡಿಗಳು ಸೇಡಂನಲ್ಲಿ ತೊಲೆ ಇಳಿಸಿ ಖಾಲಿಯಾಗಿ ಹಿಂದಿರುಗುತ್ತಿದ್ದವು. ನಾನು ಬಂದ ಮೇಲೆ, ಶಹಾಬಾದಿನಿಂದ ರೈಲಿನಲ್ಲಿ ಬರುವ ಹಾಸುಗಲ್ಲನ್ನು ಅದೇ ಬಂಡಿಗಳಲ್ಲಿ ಹೇರಿ ಚಿಂಚೋಳಿಯ ಕಡೆ ಕಳಿಸುವ ಪದ್ಧತಿ ಹಾಕಿದೆ. ಹೋಗುವಾಗ ಕಲ್ಲು, ಬರುವಾಗ ಕಟ್ಟಿಗೆ. ಬಂಡಿಯವರಿಗೂ ಎರಡೂ ಕಡೆಯ ಬಾಡಿಗೆ. ಗುತ್ತಿಗೆದಾರರು ಬಂದವರಿಗೆಲ್ಲ "ನಮ್ಮ ಮುನ್ಶಿ ತಲಿ ಅಂದ್ರ ತಲಿ" ಎಂದು ಹೇಳಿಕೊಂಡು ತಿರುಗುತ್ತಿದ್ದರು. ನಾನೂ ಉಬ್ಬಿಹೋಗಿದ್ದೆ.

ಆ ಬೇಸಿಗೆಯಲ್ಲಿ ಬಂದದ್ದು ಚಿತ್ತಾಪುರದ ಶಾಲೆಯ ಕೆಲಸ. ಹುಡುಗಿಯರಿಗೆಂದೇ ಎಂಟನೆಯ ತರಗತಿ ತೆರೆಯಲು ಮಂಜೂರಾತಿ ಬಂದಿತ್ತು. ಅದಕ್ಕೊಂದು ಬೇರೆ ಕೋಣೆ ಬೇಕು. ಗೋಡೆಗಳು ಎದ್ದು ನಿಂತಿದ್ದವು. ನಮ್ಮ ಸೀಮೆಯಲ್ಲಿ ಕಲ್ಲಿಗೇನು ಬರ? ಹೊಲದಲ್ಲಿ ಸನಿಕೆ ಹಾಕಿದರೆ ಕಲ್ಲೇ ಏಳುತ್ತದೆ. ಮೇಲಿನ ಮಾಳಿಗೆಗೆ ಹಾಸುಗಲ್ಲೂ ಬಂದು ಬಿದ್ದಿತ್ತು. ಆ ಕಲ್ಲನ್ನು ಹೊರಲು ತೊಲೆ, ಜಂತಿ ಬೇಕಲ್ಲ, ಅದೊಂದೇ ಬಾಕಿ. ಬೇಸಿಗೆಯ ರಜೆ ಮುಗಿದು ಶಾಲೆ ತೆರೆಯುವ ದಿನ ಕೋಣೆಗೆ ಮಾಳಿಗೆ ಇರಬೇಕು, ಇಲ್ಲದಿದ್ದರೆ ಮಂಜೂರಾತಿ ಇನ್ನೊಂದು ಊರಿಗೆ ಹೋಗುತ್ತದೆ ಎಂದು ಹೆಡ್ ಮಾಸ್ತರರು ನಮ್ಮ ಗುತ್ತಿಗೆದಾರರಿಗೆ ಖುದ್ದಾಗಿ ಬಂದು ಹೇಳಿ ಹೋದರು.

ನನ್ನ ತಂಗಿ ಆ ವರ್ಷ ಏಳನೆಯ ತರಗತಿ ಪಾಸಾಗಿದ್ದಳು. ಓದುವ ಹುಚ್ಚು ಎಂದರೆ ಅವಳದು. ಬೆಲ್ಲ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದಿ, ಅರ್ಧಕ್ಕೆ ಹರಿದಿದ್ದರೆ ಅಂಗಡಿಯವನಿಗೆ ಬೈಯುತ್ತಿದ್ದಳು. ಊರಲ್ಲಿದ್ದ ಹೈಸ್ಕೂಲಿನಲ್ಲಿ ಎಲ್ಲ ಗಂಡು ಹುಡುಗರು. ಅಪ್ಪ ಕೆಟ್ಟವನಲ್ಲ, ಆದರೆ ಆಡಿದ ಮಾತಿಗೆ ಕಟ್ಟುಬಿದ್ದವನು. ಊಟಕ್ಕೆ ಕುಳಿತಾಗ ಒಂದು ದಿನ ತೀರ್ಮಾನ ಹೇಳಿಬಿಟ್ಟ.

"ಗಂಡುಡುಗರ ನಡುವ ನನ್ನ ಮಗಳು ಕುಂದ್ರಂಗಿಲ್ಲ. ಬ್ಯಾರೆ ಕೋಲಿ ಆದ್ರ ಓದ್ಲಿ, ನಾ ಅಡ್ಡ ಬರಂಗಿಲ್ಲ. ಕೋಲಿ ಆಗಲಿಲ್ಲ ಅಂದ್ರ ಮುಧೋಳದವರಿಗೆ ಹೂಂ ಅಂತೀನಿ. ಅವರೂ ಎಷ್ಟು ದಿನ ಅಂತ ಕಾಯಬೇಕು?"

ಮುಧೋಳದವರೆಂದರೆ ಸೇಡಂ ತಾಲೂಕಿನ ಆ ಊರಿನಿಂದ ತಂಗಿಯನ್ನು ಕೇಳಿಕೊಂಡು ಬಂದಿದ್ದ ಮನೆಯವರು. ಒಳ್ಳೆಯ ಜನ, ಹೊಲ ಇತ್ತು, ಹುಡುಗನಲ್ಲಿಯೂ ದೋಷವಿರಲಿಲ್ಲ. ಅದೇ ತಾಪತ್ರಯ. ಬೇಡ ಎನ್ನಲು ನೆಪವೇ ಇರಲಿಲ್ಲ, ತೊಲೆಗಳ ಹೊರತು.

ಅಂದಿನಿಂದ ನಾನು ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ತಂಗಿ ನೀರಿನ ತಂಬಿಗೆ ಹಿಡಿದು ಕೇಳುತ್ತಿದ್ದಳು: "ಅಣ್ಣಾ, ಇವತ್ತ ತೊಲಿ ಎಲ್ಲಿತನ ಬಂದಾವ?" ನಾನು ಗುತ್ತಿಗೆದಾರರಿಗೂ ಅಷ್ಟು ಕರಾರುವಾಕ್ಕಾಗಿ ವರದಿ ಒಪ್ಪಿಸಿರಲಿಲ್ಲ. "ಮರ ಕಡದಾರ." "ರಾಶಿಗೆ ಬಂದಾವ." "ಜಂಗಲ್ ಸಾಹೇಬ್ರು ಸಹಿ ಹಾಕಬೇಕು, ನಾಳಿ ಹಾಕ್ತಾರ." ಈ ಕೊನೆಯ ಉತ್ತರವನ್ನು ನಾನು ಎಷ್ಟು ಸಲ ಕೊಟ್ಟೆನೋ ನನಗೇ ನಾಚಿಕೆಯಾಗತೊಡಗಿತು.

ಕಾಡಿನಿಂದ ಕಟ್ಟಿಗೆ ಹೊರಬರಬೇಕಾದರೆ ಪ್ರತಿ ತೊಲೆಗೆ ಸುತ್ತಿಗೆಯಿಂದ ಮುದ್ರೆ ಒತ್ತಿಸಬೇಕು, ಸಾಗಿಸಲು ಪರವಾನಗಿಗೆ ಸಹಿ ಬೇಕು. ಸಹಿ ಹಾಕುವ ಸಾಹೇಬರು ಒಮ್ಮೆ ಸುತ್ತಾಟಕ್ಕೆ ಹೋಗಿದ್ದರು. ಒಮ್ಮೆ ಅವರ ಸೋದರತ್ತೆಯ ಮಗನ ಮದುವೆ. ಇನ್ನೊಮ್ಮೆ ಅವರು ಇದ್ದರು, ಆದರೆ ಶಾಯಿಯ ಮೊಹರು ಇಟ್ಟ ಪೆಟ್ಟಿಗೆಯ ಕೀಲಿ ಜವಾನನ ಸೊಂಟದಲ್ಲಿತ್ತು, ಜವಾನ ಅವನ ಊರಿನಲ್ಲಿದ್ದ. ನಾನು ಚಿಂಚೋಳಿಯ ಆ ಕಚೇರಿಯ ಬೇವಿನ ಕಟ್ಟೆಯ ಮೇಲೆ ಕುಳಿತು ಕುಳಿತು ಕಟ್ಟೆಯೇ ಸವೆಯಿತೇನೋ.

ಅಷ್ಟರಲ್ಲಿ ಸೇಡಂ ಸ್ಟೇಷನ್ ಮಾಸ್ತರರನ್ನು ಕಾಡಿ ಬೇಡಿ ಒಂದು ಡಬ್ಬಿ ಹಿಡಿದಿದ್ದೆ. ಮಂಗಳವಾರ ವಾಡಿಯಿಂದ ಬರುತ್ತದೆ, ಅಂದೇ ತುಂಬಿ ಬಿಡಬೇಕು. ಬಂಡಿಗಳು ಶನಿವಾರ ಹೊರಟರೆ ಭಾನುವಾರ ಸಂಜೆ ಸೇಡಂ ಮುಟ್ಟುತ್ತವೆ, ಸೋಮವಾರ ಎತ್ತುಗಳಿಗೆ ವಿಶ್ರಾಂತಿ, ಮಂಗಳವಾರ ಡಬ್ಬಿ. ಹೀಗೆ ಕೂಡಿಸಿದ್ದೆ. ಸೋಮವಾರ ಬಸವಣ್ಣನ ದಿನ. ನಮ್ಮ ಕಡೆ ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದನ್ನು ನಾನೂ ಬಲ್ಲೆ, ನಾನೂ ರೈತನ ಮಗ. ಅದಕ್ಕೇ ಸೋಮವಾರವನ್ನು ಬಿಟ್ಟೇ ಲೆಕ್ಕ ಹಾಕಿದ್ದೆ. ಸಾಹೇಬರು ಸಹಿ ಹಾಕಿದ್ದು ಭಾನುವಾರ ಇಳಿಹೊತ್ತಿಗೆ, ಅದೂ ಅವರ ಮನೆಯ ಜಗುಲಿಯ ಮೇಲೆ.

ನಾನು ಪರವಾನಗಿ ಹಿಡಿದುಕೊಂಡು ಚಿಮ್ಮನಚೋಡಕ್ಕೆ ಓಡಿದೆ. ಬಂಡಿಗಳ ಮೇಲೆ ತೊಲೆ ಹೇರಿಸಿದೆ. ಬಂಡಿಯವರ ಹಿರಿಯ ಬೀಡಿ ಹಚ್ಚಿಕೊಂಡು ತಣ್ಣಗೆ ಹೇಳಿದ.

"ಮಂಗಳವಾರ ಕೋಳಿ ಕೂಗೋ ಹೊತ್ತಿಗಿ ಹೂಡ್ತೀವ್ರಿ."

"ಮಂಗಳವಾರ ಡಬ್ಬಿ ಸೇಡಂದಾಗ ಇರತದೋ ಮಾರಾಯ. ಸೋಮವಾರ ನಡದ್ರ ಮುಟ್ಟತೀವಿ. ಸಾಲಿ ಕೆಲಸ ಅದ, ಹೆಣ್ಣುಡುಗೂರ ಸಾಲಿ. ಬಸವಣ್ಣ ಬ್ಯಾಡ ಅಂತಾನೇನು?"

"ಬಸವಣ್ಣ ಏನೂ ಅನ್ನಂಗಿಲ್ರಿ. ಎತ್ತಿಗಿ ಯಾರು ಹೇಳ್ತಾರ? ಆರು ದಿನ ನಮ್ಮ ಮಾತು ಅವು ಕೇಳ್ತಾವ, ಒಂದಿನ ಅವುಗಳ ಮಾತು ನಾವು ಕೇಳಬೇಕಲ್ರಿ. ಕುಂದ್ರಿ, ಚಾ ಕುಡೀರಿ."

ಎತ್ತುಗಳು ಸೋಮವಾರ ಇಡೀ ದಿನ ಬೇವಿನ ನೆರಳಲ್ಲಿ ಮಲಗಿ ಮೆಲುಕು ಹಾಕಿದವು. ನಾನು ತೊಲೆ ಹೇರಿದ ಬಂಡಿಯ ಮೂಕಿಯ ಮೇಲೆ ಕುಳಿತು ಹಲ್ಲು ಕಡಿದೆ. ಮಂಗಳವಾರ ಬಂದ ಡಬ್ಬಿ ಸೇಡಂನಲ್ಲಿ ಖಾಲಿ ನಿಂತು, ಖಾಲಿಯೇ ಹೋಯಿತು. ಮುಂದಿನ ಡಬ್ಬಿ ಯಾವಾಗ ಎಂದು ಕೇಳಿದರೆ ಸ್ಟೇಷನ್ ಮಾಸ್ತರರು ಕೈ ಮೇಲೆ ಮಾಡಿ ಆಕಾಶ ತೋರಿಸಿದರು. ಬಂಡಿಯವರು ತೊಲೆಗಳನ್ನು ಮತ್ತೆ ಹೊಳೆಯ ದಂಡೆಗೆ ಇಳಿಸಿ ಮದುವೆಯ ದಿಬ್ಬಣಗಳ ಬಾಡಿಗೆಗೆ ಹೋದರು. ಬೈಯಲಿಕ್ಕೂ ಬರುವಂತಿರಲಿಲ್ಲ. ಆ ದಿಬ್ಬಣಗಳಿಗೆ ಅವರು ಮಾತು ಕೊಟ್ಟದ್ದು ನನ್ನ ತೊಲೆಗಳಿಗಿಂತ ಮೊದಲು.

ಆ ವರ್ಷ ಮಳೆ ಬೇರೆ ಬೇಗ ಹಿಡಿಯಿತು. ನಮ್ಮ ಎರೆಭೂಮಿಗೆ ಒಂದು ಹದ ಮಳೆ ಬಿದ್ದರೆ ಮುಗಿಯಿತು, ಬಂಡಿಯ ಗಾಲಿ ನಡುವಿನ ಗುಂಬದವರೆಗೆ ಹೂತುಹೋಗುತ್ತದೆ. ಮೇಲಾಗಿ ಮಳೆ ಬಿದ್ದ ಮೇಲೆ ಯಾವ ರೈತ ತನ್ನ ಎತ್ತನ್ನು ಬಿತ್ತನೆ ಬಿಟ್ಟು ಪರರ ಕಟ್ಟಿಗೆಗೆ ಕಳಿಸುತ್ತಾನೆ? ಶಾಲೆ ತೆರೆಯಲು ಇನ್ನೂ ದಿನಗಳಿದ್ದವು. ತೊಲೆಗಳು ಚಿಮ್ಮನಚೋಡದ ದಂಡೆಯಲ್ಲಿ ತೊಯ್ಯುತ್ತ ಬಿದ್ದಿದ್ದವು. ತಂಗಿ ತಂಬಿಗೆ ಕೊಟ್ಟು ಒಳಗೆ ಹೋಗಿಬಿಡುತ್ತಿದ್ದಳು, ಕೇಳುವುದನ್ನು ಬಿಟ್ಟಿದ್ದಳು. ಕೇಳಿದ್ದರೇ ಚೆನ್ನಾಗಿತ್ತು.

ಆಗ ನಮ್ಮ ಗುತ್ತಿಗೆದಾರರಿಗೆ ಹೊಳೆಯ ಯೋಚನೆ ಬಂತು. ಅವರು ಹಿಂದೆ ಯಾವುದೋ ದೂರದ ಸೀಮೆಯಲ್ಲಿ ಹೊಳೆಗಳಲ್ಲಿ ತೊಲೆ ತೇಲಿಸುವುದನ್ನು ಕಣ್ಣಾರೆ ಕಂಡಿದ್ದರಂತೆ. ಮುಲ್ಲಾಮಾರಿ ಹೊಳೆ ಚಿಮ್ಮನಚೋಡದ ಹತ್ತಿರ ಹರಿದು ಕಾಗಿಣಾಕ್ಕೆ ಕೂಡುತ್ತದೆ, ಕಾಗಿಣಾ ಮಳಖೇಡ ದಾಟಿ ದಂಡೋತಿಯ ಮುಂದೆ ಹಾಯುತ್ತದೆ. ದಂಡೋತಿ ಎಂದರೆ ಚಿತ್ತಾಪುರದ ಮನೆಬಾಗಿಲು. ತೊಲೆಗಳು ತೇಲಲೆಂದು ಬಿದಿರಿನ ಹೊರೆ ಕಟ್ಟಿ ನೀರಿಗೆ ಬಿಡುವುದು, ದಂಡೋತಿಯಲ್ಲಿ ಹಗ್ಗ ಅಡ್ಡ ಕಟ್ಟಿ ಹಿಡಿದುಕೊಳ್ಳುವುದು.

"ಡಬ್ಬಿ ಬ್ಯಾಡ, ಬಂಡಿ ಬ್ಯಾಡ, ಎತ್ತಿನ ಕಾಲು ಹಿಡಿಯೋದು ಬ್ಯಾಡ" ಎಂದರು ತೊಡೆ ತಟ್ಟಿಕೊಂಡು. "ನೀರಿಗಿ ಸೋಮವಾರ ಇಲ್ಲಪಾ."

ನನಗೂ ಒಳಗೆ ಹಣತೆ ಹಚ್ಚಿದಂತಾಯಿತು. ಒಂದೇ ಅಳುಕು. ಹೊಳೆಯಲ್ಲಿ ತೇಲಿಬಂದದ್ದು ಹಿಡಿದವರದು ಎಂಬುದು ದಂಡೆಯ ಊರುಗಳ ಹಳೆಯ ಕಟ್ಟಳೆ. ಪ್ರವಾಹ ಬಂದಾಗ ಆ ಊರುಗಳ ಮಂದಿ ಹಗ್ಗ, ಕೊಕ್ಕೆ ಹಿಡಿದು ದಂಡೆಗೆ ಬಂದು, ತೇಲಿಬರುವ ಮರವನ್ನು ಈಸಿ ಎಳೆದು ತರುತ್ತಾರೆ. ಗುತ್ತಿಗೆದಾರರು ಅದಕ್ಕೂ ಉಪಾಯ ಹೇಳಿದರು. ದಂಡೆಯ ಊರೂರಿಗೆ ಡಂಗುರ ಹೊಡೆಸಿದರಾಯಿತು: ಬರುವ ತೊಲೆಗಳು ಶಾಲೆಯವು, ಮೇಲೆ ಮುದ್ರೆ ಇದೆ, ಯಾರೂ ಮುಟ್ಟಕೂಡದು. ಇದೂ ನನಗೆ ಸರಿ ಎನಿಸಿತು. ಡಂಗುರದವರು ಹೋದರು, ಹೇಳಿಕೊಟ್ಟ ಮಾತನ್ನು ಒಂದಕ್ಷರ ಬಿಡದೆ ಸಾರಿದರು. ಹೊಳೆಯಲ್ಲಿ ಸಾಗವಾನಿ ಬರುತ್ತದೆ ಎಂಬುದು ಅಲ್ಲಿಯವರೆಗೆ ನಮಗಿಬ್ಬರಿಗೆ ಮಾತ್ರ ಗೊತ್ತಿದ್ದ ಸಂಗತಿ. ಈಗ ಎರಡೂ ದಂಡೆಯ ಕೂಸುಕುನ್ನಿಗಳಿಗೆಲ್ಲ ಗೊತ್ತಾಯಿತು.

ನೀರು ಏರಿದ ದಿನ ತೊಲೆಗಳನ್ನು ಬಿಟ್ಟರು. ನಾನು ದಂಡೋತಿಯಲ್ಲಿ ಆಳುಗಳನ್ನು ಕಟ್ಟಿಕೊಂಡು, ಹಗ್ಗ ಬಿಗಿದು, ತಲೆಯ ಮೇಲೆ ಗೋಣಿ ಹೊದ್ದು ನಿಂತೆ. ಕೆಂಪು ನೀರು ಹರಿದು ಬಂತು. ಕಸ ಬಂತು, ಜೋಳದ ಹಳೆಯ ದಂಟು ಬಂತು, ಯಾರದೋ ಮನೆಯ ಬುಟ್ಟಿ ಬಂತು. ಬಿದಿರಿನ ಹೊರೆಗಳು ಹಗ್ಗ ಕೊಯ್ಸಿಕೊಂಡು, ತೊಲೆ ಕಳಚಿಕೊಂಡು ಹಗುರಾಗಿ ಕುಣಿಯುತ್ತ ಬಂದವು. ಮರುದಿನ ಸಂಜೆಯವರೆಗೆ ನಿಂತೆ. ಒಂದೇ ಒಂದು ತೊಲೆ ಬಂತು, ಅದೂ ಸೀಳಿದ್ದು.

ಮೈಯೆಲ್ಲ ಬೆಂಕಿಯಾಗಿ ದಂಡೆ ಹಿಡಿದು ಮೇಲಕ್ಕೆ ಹೊರಟೆ. ಕಳ್ಳರನ್ನು ಹಿಡಿಯುವುದು, ಪಂಚರನ್ನು ಕೂಡಿಸುವುದು, ಮಾನ ಕಳೆಯುವುದು ಎಂದು ದಾರಿಯುದ್ದಕ್ಕೂ ಒಳಗೊಳಗೇ ಭಾಷಣ ಕಟ್ಟಿಕೊಂಡೆ. ಮೊದಲನೆಯ ಊರಿನಲ್ಲಿಯೇ ಆ ಭಾಷಣ ಉಪಯೋಗಕ್ಕೆ ಬರದೆ ಹೋಯಿತು. ತೊಲೆಯನ್ನು ಯಾರೂ ಬಚ್ಚಿಟ್ಟಿರಲಿಲ್ಲ. ಅಂಗಳದ ನಡುವೆ ಎರಡು ಕಲ್ಲಿನ ಮೇಲೆ ಇಟ್ಟು, ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹೂ ಏರಿಸಿದ್ದರು. ನಮ್ಮ ಮುದ್ರೆಯ ಮೇಲೆಯೇ ಕುಂಕುಮ. ಮನೆಯ ಮುದುಕಿ ನನ್ನನ್ನು ಕಂಡು ತಲೆಯ ಮೇಲೆ ಸೆರಗೆಳೆದುಕೊಂಡು ಎದ್ದು ನಿಂತಳು.

"ಬರ್ರಿ, ಕುಂದ್ರಿ. ನೀವು ಬರ್ತೀರಿ ಅಂತ ಗೊತ್ತಿತ್ರಿ."

"ಇದು ಸಾಲಿ ಕಟಗಿ. ಡಂಗುರ ಕೇಳಿಲ್ಲೇನು?"

"ಕೇಳೀವ್ರಿ. ಅದಕ್ಕ ಎಲ್ಲಾರೂ ಹೊಳಿಗಿ ಬಂದು ನಿಂತಿದ್ವಿ. ತೊಲಿ ಮುಂದ ಹೋಗೋದು ನೋಡಬೇಕಂತ. ನಮ್ಮ ಹುಡುಗೂರು ಮುಟ್ಟಿಲ್ರಿ, ಖರೇ ಹೇಳ್ತೀನಿ. ಅದ ಬಂದು ನಮ್ಮ ದಂಡಿಗಿ ತಲಿ ಇಟ್ತು. ಹೊಸ ನೀರಿನಾಗ ಮನಿಮುಂದ ಬಂದು ನಿಂತದ್ದು ಗಂಗಮ್ಮ ಕೊಟ್ಟದ್ರಿ. ಪೂಜಿ ಮಾಡೀವಿ. ಇನ್ನ ಕೊಡಲಿಕ್ಕಿ ಬರಂಗಿಲ್ಲ."

"ಮುದ್ರಿ ಯಾರದದ ನೋಡು."

"ಮುದ್ರಿ ನಿಮ್ಮದ ಅದರಿ, ಇಲ್ಲ ಅನ್ನಂಗಿಲ್ಲ. ಕೊಟ್ಟಾಕಿ ಆಕಿ ಅದಾಳ." ಮುದುಕಿ ಹೊಳೆಯ ಕಡೆ ಕೈ ಮಾಡಿದಳು. "ನಮ್ಮ ಮಾವ ಒಂದ್ಸಲ ಹೊಳ್ಯಾಗ ಬಂದ ತಾಮ್ರದ ಹಂಡೆ ಹಿಡದಿದ್ದ. ಮೇಲಿನ ಊರವರು ಬಂದು ನಮ್ಮದು ಅಂದ್ರು, ಕೊಟ್ಟುಬಿಟ್ಟ. ಮುಂದಿನ ಮಳಿಗಾಲಕ್ಕ ಅವನ ತಮ್ಮಗ ಹೊಳಿ ಕರಕೊಂಡ್ತು. ಆಕಿ ಕೊಟ್ಟದ್ದು ತಿರುಗಿ ಹೋದ್ರ ಆಕಿ ಬದಲಿ ಕೇಳ್ತಾಳ್ರಿ. ನಮ್ಮ ಮನ್ಯಾಗ ನಾಕು ಮಂದಿ ದಿನಾ ಹೊಳಿಗಿ ಇಳೀತಾರ. ಯಾರಿಗಿ ಕೊಡಲಿ?"

ಸಿಟ್ಟು ಇಳಿಯಲಿಲ್ಲ, ಆದರೆ ಹೊರಬರುವ ದಾರಿಯೂ ಅದಕ್ಕೆ ಕಾಣಲಿಲ್ಲ. ನಾನು ಅಲ್ಲೇ ಕಟ್ಟೆಯ ಮೇಲೆ ಕುಸಿದು ಕುಳಿತೆ. ನನ್ನ ತಂಗಿಯ ಕಥೆ ಹೇಳಿಬಿಟ್ಟೆ. ಯಾಕೆ ಹೇಳಿದೆನೋ, ಹೇಳಬೇಕೆಂದು ಹೋದದ್ದಲ್ಲ. ಶಾಲೆ, ಕೋಣೆ, ಮುಧೋಳದವರು, ಸೋಮವಾರ, ಎಲ್ಲ. ಮುದುಕಿ ಗಲ್ಲಕ್ಕೆ ಕೈಯಿಟ್ಟು ಕೇಳಿದಳು. ಕೇಳಿ ಎದ್ದು ಮನೆಯ ಹಿಂದೆ ಕರೆದುಕೊಂಡು ಹೋಗಿ, ಬಿದ್ದ ಹಳೆಯ ಕೊಟ್ಟಿಗೆಯ ಬೇವಿನ ತೊಲೆಗಳನ್ನು ತೋರಿಸಿದಳು. ಒಣಗಿ, ಕಪ್ಪಾಗಿ, ಕಬ್ಬಿಣದಂತಿದ್ದವು.

"ಇವು ನಮ್ಮ ಮಾವ ಇಟ್ಟಿದ್ದ ತೊಲಿ. ನಮ್ಮವು, ಹೊಳೀವಲ್ಲ. ಇವು ಒಯ್ಯಿರಿ. ಹೆಣ್ಣು ಕೂಸು ಓದಲಿ."

ಹೀಗೆ ಶುರುವಾಯಿತು. ನಾನು ಊರೂರು ಅಲೆದು ನಮ್ಮ ತೊಲೆ ಇದ್ದ ಮನೆಗಳ ಮುಂದೆಲ್ಲ ಇದೇ ಬದಲಿ ಕೇಳಿದೆ. ಯಾರೂ ಇಲ್ಲ ಎನ್ನಲಿಲ್ಲ. ಸಾಗವಾನಿಯನ್ನು ಕೊಡೆವು ಎಂದ ಅದೇ ಬಾಯಿಂದ "ಇದನ್ನ ಒಯ್ಯಿರಿ, ಇದನ್ನೂ ಒಯ್ಯಿರಿ" ಎಂದರು. ಬೇವು ಕೊಟ್ಟರು, ಜಾಲಿ ಕೊಟ್ಟರು, ಒಬ್ಬ ತನ್ನ ಹೊಸ ಮನೆಗೆಂದು ಕೂಡಿಟ್ಟಿದ್ದ ಜಂತಿಗಳನ್ನೇ ಕೊಟ್ಟ. "ಬಂಡಿ ಎಲ್ಲಿಂದ ತರಲಿ, ಎಲ್ಲರ ಎತ್ತೂ ಬಿತ್ತಲಿಕ್ಕೆ ಹೋಗ್ಯಾವ" ಎಂದು ನಾನು ತಲೆ ಕೆರೆದುಕೊಂಡರೆ ಅವರಿಗೆ ನಗು. ತಮ್ಮ ತಮ್ಮ ಊರಿನ ಎಲ್ಲೆಯವರೆಗೆ ಹೆಗಲ ಮೇಲೆ ಹೊತ್ತು ತಂದು ಮುಂದಿನ ಊರಿನವರಿಗೆ ಒಪ್ಪಿಸಿದರು, ಅವರು ತಮ್ಮದನ್ನೂ ಕೂಡಿಸಿ ಮುಂದಕ್ಕೆ ಹೊತ್ತರು. ನಡುವೆ ಒಂದು ಸೋಮವಾರವೂ ಬಂತು. ನಾನು ಅಂಜುತ್ತಲೇ ಕೇಳಿದೆ, ಇವತ್ತು ನಡೆಯುತ್ತದೆಯೇ ಎಂದು.

"ಸೋಮವಾರ ಎತ್ತಿಗ್ರಿ" ಎಂದ ಹೊರುವವರಲ್ಲಿ ಒಬ್ಬ, ತೊಲೆಯಡಿಯಿಂದಲೇ. "ಮನಷ್ಯಾಗ ಯಾರು ರಜಾ ಕೊಡ್ತಾರ?"

ನನ್ನ ಇಡೀ ನೌಕರಿಯಲ್ಲಿ ಅಷ್ಟು ಚೊಕ್ಕಟವಾಗಿ ಕಟ್ಟಿಗೆ ಸಾಗಿದ್ದನ್ನು ನಾನು ಕಂಡಿಲ್ಲ. ಪರವಾನಗಿ ಇಲ್ಲ, ಡಬ್ಬಿ ಇಲ್ಲ, ಒಂದು ತುಂಡು ಕಳೆಯಲಿಲ್ಲ. ಚಿತ್ತಾಪುರದ ಬಡಿಗರು ಮೊದಲು ಮೂಗು ಮುರಿದರು, ಅಡ್ಡಾದಿಡ್ಡಿ ಕಟ್ಟಿಗೆ ಎಂದು. ಆಮೇಲೆ ಕೆತ್ತಿ ಸಮ ಮಾಡಿ ಏರಿಸಿದರು. ಮೇಲೆ ಹಾಸುಗಲ್ಲು ಕೂತಿತು, ಕಲ್ಲಿನ ಮೇಲೆ ಮಣ್ಣು ಬಿತ್ತು. ಶಾಲೆ ತೆರೆಯಲು ಇನ್ನೂ ದಿನ ಉಳಿದಿತ್ತು. ತಂಗಿ ಗೆಳತಿಯೊಬ್ಬಳನ್ನು ಕರೆದುಕೊಂಡು ಹೋಗಿ ಕೋಣೆ ನೋಡಿ ಬಂದಳು. ಬಂದು, ಕಿಟಕಿಯ ಹತ್ತಿರದ ಜಾಗ ತನ್ನದು ಎಂದು ಅವ್ವನ ಮುಂದೆ ಸಾರಿದಳು. ಅಪ್ಪ ಕೇಳಿಸಿಕೊಂಡು ಮೀಸೆಯಡಿ ನಕ್ಕು, ಮುಧೋಳದವರಿಗೆ ಇನ್ನೆರಡು ವರ್ಷ ತಡೆಯಿರಿ ಎಂದು ಹೇಳಿ ಕಳಿಸುತ್ತೇನೆ ಎಂದ.

ಶಾಲೆ ತೆರೆಯುವ ಹಿಂದಿನ ದಿನ ಕಟ್ಟಡ ನೋಡಿ ಒಪ್ಪಿಗೆ ಕೊಡುವ ಓವರ್‌ಸಿಯರ್ ಬಂದರು. ಕೊಡೆ ಮಡಚಿ ಒಳಗೆ ಬಂದು, ತಲೆ ಎತ್ತಿ ನೋಡಿ, ಇಳಿಸಲೇ ಇಲ್ಲ.

"ಇದು ಸಾಗವಾನಿ ಅಲ್ಲಲ್ಲ?"

"ಬೇವಿನದು, ಸಾಹೇಬರೇ. ಒಣಗಿದ್ದು. ಹುಳ ಹತ್ತುವುದಿಲ್ಲ. ಮೇಲೆ ಹತ್ತು ಮಂದಿ ನಿಂತು ನೋಡಿದ್ದೇವೆ" ಎಂದೆ.

"ಮಂಜೂರಿಯಲ್ಲಿ ಸಾಗವಾನಿ ಎಂದಿದೆ."

ನಾನು ಕಥೆಯನ್ನೆಲ್ಲ ಹೇಳಿದೆ. ಹೊಳೆ, ಗಂಗಮ್ಮ, ಮುದುಕಿ. ಅವರು ಸಿಡುಕಲಿಲ್ಲ, ಗದರಲಿಲ್ಲ, ಪೂರ್ತಿ ಕೇಳಿಸಿಕೊಂಡರು. ಕೇಳಿಸಿಕೊಂಡು ಮತ್ತೆ ಅದನ್ನೇ ಹೇಳಿದರು. ಹೆಡ್ ಮಾಸ್ತರರು ಕೈ ಮುಗಿದರು. ಸಾಗವಾನಿ ಬಂದ ಮೇಲೆ ಬದಲಾಯಿಸುತ್ತೇವೆ, ಈ ವರ್ಷ ಇದರಡಿಯೇ ಕೂಡಿಸುತ್ತೇವೆ ಎಂದರು. "ನಾಳೆ ಏನಾದರೂ ಆದರೆ ನನ್ನ ಕುತ್ತಿಗೆಗೆ ಬರುತ್ತದೆ" ಎಂದು ಓವರ್‌ಸಿಯರ್ ಕೊಡೆ ಬಿಚ್ಚಿದರು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಮ್ಮನೆ ಹುಟ್ಟಿದ ಮಾತಲ್ಲ. ಅವರ ಹಿಂದೆ ಸ್ಟೇಷನ್ನಿನವರೆಗೆ ಮಳೆಯಲ್ಲಿ ನೆನೆಯುತ್ತ ಹೋದೆ. ಬೇಡಿಕೊಂಡೆ, ಕೊನೆಗೆ ಕೂಗಾಡಿದೆ. ರೈಲು ಬಂತು, ಅವರು ಹತ್ತಿ ಹೋದರು.

ಮಂಜೂರಾತಿ ಬೇರೆ ಊರಿಗೆ ಹೋಯಿತು. ಅಪ್ಪ ಮೂರನೆಯ ದಿನ ಮುಧೋಳಕ್ಕೆ ಹೋಗಿ ಬಂದ. ನಾನು ಜಗಳಾಡಿದೆ. ಗಂಡು ಹುಡುಗರ ನಡುವೆಯೇ ಕೂಡಲಿ, ನಾನೇ ದಿನಾ ಕರೆದುಕೊಂಡು ಹೋಗಿ ಬರುತ್ತೇನೆ ಎಂದೆ. "ನೀ ಸೇಡಂಕ್ಕ ಹೋಗ್ತೀಯೋ, ಆಕಿ ಹಿಂದ ಸಾಲಿಗಿ ಹೋಗ್ತೀಯೋ?" ಎಂದ ಅಪ್ಪ. ಅವನಿಗೂ ಸಂಕಟವಿತ್ತು, ಅದು ಧ್ವನಿಯಲ್ಲಿ ಗೊತ್ತಾಗುತ್ತಿತ್ತು. ಆದರೆ ಮಾತು ಮಾತೇ. ಆ ಸುಗ್ಗಿ ಮುಗಿದ ಮೇಲೆ ಮದುವೆಯಾಯಿತು. ತಂಗಿ ಅಳುವಾಗ ಎಲ್ಲ ಮದುವೆಯ ಹುಡುಗಿಯರಂತೆಯೇ ಅತ್ತಳು, ಯಾರಿಗೂ ಬೇರೇನೂ ಅನಿಸಲಿಲ್ಲ.

ಇನ್ನು ಹೇಳಬಾರದು, ಆದರೂ ಹೇಳುತ್ತೇನೆ. ಮದುವೆಯಾದ ಬೇಸಿಗೆಯಲ್ಲೇ ಹೆಡ್ ಮಾಸ್ತರರು ಓಡಾಡಿ ಮಂಜೂರಾತಿಯನ್ನು ಮತ್ತೆ ತಂದರು. ಮತ್ತೆ ಸಾಗವಾನಿ, ಮತ್ತೆ ನಮ್ಮ ಗುತ್ತಿಗೆ. ಸಾಹೇಬರು ಮೊದಲ ದಿನವೇ ಸಹಿ ಹಾಕಿದರು. ಬಂಡಿಗಳು ಶನಿವಾರ ಹೊರಟು ಭಾನುವಾರ ಸೇಡಂ ಮುಟ್ಟಿದವು. ಸೋಮವಾರ ಎತ್ತುಗಳು ಮಲಗಿದವು. ಮಂಗಳವಾರ ಡಬ್ಬಿ ಬಂದು ನಿಂತಿತ್ತು. ಎಲ್ಲಿಯೂ ಒಂದು ಗಳಿಗೆ ತಡವಾಗಲಿಲ್ಲ. ಬೇವಿನ ತೊಲೆಗಳನ್ನು ಇಳಿಸಿ ಶಾಲೆಯ ಹಿತ್ತಲಿಗೆ ಎಸೆದರು. ಹುಳ ಹತ್ತದ ಕಟ್ಟಿಗೆ, ಅಲ್ಲಿ ವರ್ಷಗಟ್ಟಲೆ ಹಾಗೆಯೇ ಬಿದ್ದಿತ್ತು. ಗುತ್ತಿಗೆದಾರರು ಬೆನ್ನು ತಟ್ಟಿ, ಹೀಗೆ ಕೆಲಸ ಆಗಬೇಕು ಎಂದರು. ಅವರನ್ನು ಆ ಕ್ಷಣ ಹೊಳೆಗೆ ನೂಕಬೇಕೆನಿಸಿತು.

ಪಂಚಮಿಗೆ ತಂಗಿಯನ್ನು ಕರೆಯಲು ನಾನೇ ಮುಧೋಳಕ್ಕೆ ಹೋದೆ. ಬಸುರಿಯಾಗಿದ್ದಳು, ಐದು ತಿಂಗಳು. ದಾರಿಯಲ್ಲಿ ನಾನು ಶಾಲೆಯ ಮಾತೆತ್ತಲಿಲ್ಲ. ಮನೆಗೆ ಬಂದ ಮರುದಿನ ಅವಳು ಅವ್ವನ ಜೊತೆ ಹಬ್ಬಕ್ಕೆ ಜೋಳದ ಅಳ್ಳು ಹುರಿಯುತ್ತಿದ್ದಾಗ ಬೀದಿಯಲ್ಲಿ ಶಾಲೆಯಿಂದ ಹುಡುಗಿಯರು ಗುಂಪಾಗಿ ಬಂದರು, ಪುಸ್ತಕಗಳನ್ನು ಎದೆಗೆ ಒತ್ತಿಕೊಂಡು, ಯಾವುದಕ್ಕೋ ಬಿದ್ದು ಬಿದ್ದು ನಗುತ್ತ. ತಂಗಿ ಕೈಯಲ್ಲಿದ್ದ ಹುಟ್ಟು ಕೆಳಗಿಟ್ಟು ಬಾಗಿಲಿಗೆ ಬಂದು ನಿಂತಳು. ಅವರು ಓಣಿ ತಿರುಗುವವರೆಗೆ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಅಳುತ್ತಾಳೆ ಎಂದುಕೊಂಡೆ. ಬೈದರೆ ತಲೆ ತಗ್ಗಿಸಿ ನಿಲ್ಲಲು ತಯಾರಾಗಿಯೂ ಇದ್ದೆ.

ಅವಳು ನನ್ನ ಹತ್ತಿರ ಬಂದು, ಅವ್ವನಿಗೆ ಕೇಳಿಸದಂತೆ ಧ್ವನಿ ಇಳಿಸಿದಳು.

"ಅಣ್ಣಾ, ಏಳನೇದು ಮುಗಿಸಿ ಎರಡು ವರ್ಷ ಬಿಟ್ಟವರಿಗಿ ತಗೋತಾರೇನು? ಮೂರು ವರ್ಷ ಆದ್ರ? ಕೂಸು ಹುಟ್ಟಿ ನಡೀಲಿಕ್ಕಿ ಬರೋತನ ಮೂರಾತದ."

ಮಾಸ್ತರರನ್ನು ಕೇಳಿಕೊಂಡು ಬರುತ್ತೇನೆ ಎಂದೆ. ಅವಳು ಒಳಗೆ ಹೋಗಿ ಮತ್ತೆ ಅಳ್ಳಿನ ಮುಂದೆ ಕುಳಿತಳು. ನಾನು ಚಪ್ಪಲಿ ಮೆಟ್ಟಿ ಹೊರಬಿದ್ದು, ಶಾಲೆಯ ಗೇಟಿನವರೆಗೆ ಹೋಗಿ, ಒಳಗೆ ಹೋಗದೆ ತಿರುಗಿ ಬಂದೆ. ಬಂದಾಗ ಅವಳು ನೀರಿನ ತಂಬಿಗೆ ಕೊಟ್ಟಳು. "ಮಾಸ್ತರು ಇರಲಿಲ್ಲ" ಎಂದೆ. ಅವಳು ನಂಬಿದಳು. ಹಬ್ಬ ಮುಗಿದು ಗಂಡನ ಮನೆಗೆ ಹೊರಡುವ ದಿನವೂ ಬಟ್ಟೆಯ ಗಂಟು ಕಟ್ಟುತ್ತ, ಮರೆಯಬೇಡ, ಕೇಳಿ ಕಾಗದ ಹಾಕು ಎಂದು ನನಗೆ ಹೇಳಿದಳು.